ಸ್ಕ್ರೀನ್ ಕಪ್ಪಾದ ಮಾತ್ರಕ್ಕೆ ಮದರ್‌ಬೋರ್ಡ್ ಹೋಗಿಲ್ಲ

ಕಳೆದ ಮೇ ತಿಂಗಳು ಗಾಳಿ ಮಳೆಗೆ ಬಾಳೆತೋಟಗಳು ಮಲಗಿದ ಮರುದಿನ. ಸುದ್ದಿ ಕಳಿಸೋಣ ಅಂತ ಲ್ಯಾಪ್‌ಟಾಪ್ ತೆಗೆದರೆ ಸ್ಕ್ರೀನ್ ಪೂರ್ತಿ ಕಪ್ಪು. ಫ್ಯಾನಿನ ಸದ್ದು ಕೇಳಿಸುತ್ತಿದೆ, ಬಟನ್ನಿನ ಲೈಟು ಉರಿಯುತ್ತಿದೆ, ಚಿತ್ರ ಮಾತ್ರ ಇಲ್ಲ. ನಮ್ಮಲ್ಲಿ ಇಬ್ಬರು ಹಂಚಿಕೊಂಡು ಬಳಸುವ ಹಳೇ ಲ್ಯಾಪ್‌ಟಾಪ್ ಅದು. ತಾಲೂಕಿನ ಒಂದು ಅಂಗಡಿಗೆ ಒಯ್ದೆವು. ಬಿಚ್ಚಿಯೂ ನೋಡದೆ ‘ಮದರ್‌ಬೋರ್ಡ್ ಹೋಗಿದೆ ಸಾರ್, 9 ಸಾವಿರ ಆಗುತ್ತೆ’ ಅಂದರು. ಪ್ರಕಟವಾದ ಸುದ್ದಿ ಎಣಿಸಿ ದುಡ್ಡು ತೆಗೆದುಕೊಳ್ಳುವ ಸ್ಟ್ರಿಂಗರ್‌ಗಳಿಗೆ 9 ಸಾವಿರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ವಾಪಸ್ ತಂದೆವು. ಊರಲ್ಲಿ ಐಟಿಐ ಓದಿದ ಗೆಳೆಯನೊಬ್ಬ ಬ್ಯಾಟರಿ ತೆಗೆದಿಟ್ಟು, ಹಿಂದಿನ ಮುಚ್ಚಳ ಬಿಚ್ಚಿದ. ರ್‍ಯಾಮ್ ಪಟ್ಟಿ ಹೊರಗೆಳೆದು ಅದರ ಹಳದಿ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದ. ಸ್ಕ್ರೀನ್ ಬಂತು. ಖರ್ಚು ಎರಡು ಟೀ.

ಅಂಗಡಿಯವರೆಲ್ಲ ಮೋಸಗಾರರು ಅಂತ ನಾವು ಹೇಳುತ್ತಿಲ್ಲ. ನಿಯತ್ತಾಗಿ ಕೆಲಸ ಮಾಡುವವರನ್ನೂ ಕಂಡಿದ್ದೇವೆ. ಆದರೆ ಏನು ಕೆಟ್ಟಿದೆ ಅನ್ನೋದರ ಅಂದಾಜೂ ಇಲ್ಲದೆ ನಾವು ಮೇಜಿನ ಮೇಲೆ ಇಟ್ಟರೆ, ಎದುರಿನವರು ಹೇಳಿದ್ದೇ ರೇಟು. ಜ್ವರ ಅಂದರೆ ಒಂದೇ ಕಾಯಿಲೆ ಅಲ್ಲ. ಕಪ್ಪು ಸ್ಕ್ರೀನೂ ಹಾಗೇ.

ಮೊದಲು ನೋಡಬೇಕಾದ್ದು ಕರೆಂಟು. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜು ಏರಿಳಿದು ಚಾರ್ಜರ್ ಸುಡುವುದು ಮಾಮೂಲಿ. ಯಾವ ಲೈಟೂ ಬರದಿದ್ದರೆ ಬೇರೆ ಸಾಕೆಟ್ಟಿಗೆ ಹಾಕಿ, ಅದೇ ಪಿನ್ನು, ಅದೇ ವೋಲ್ಟಿನ ಇನ್ನೊಂದು ಚಾರ್ಜರ್ ಸಿಕ್ಕರೆ ಹಚ್ಚಿ ನೋಡಿ. ಲೈಟು ಬರುತ್ತಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಕಂಪ್ಯೂಟರ್ ಎದ್ದೇ ಇದೆ, ತೋರಿಸುತ್ತಿಲ್ಲ ಅಷ್ಟೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಎಷ್ಟೋ ಸಲ ಚಿತ್ರ ವಾಪಸ್ ಬರುತ್ತದೆ. ಬರಲಿಲ್ಲವೇ? ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಸ್ಕ್ರೀನಿನ ಹಿಂದಿನ ಬೆಳಕು. ಮನೆಯ ಟಿವಿಗೂ ಸೆಟ್‌ಟಾಪ್ ಬಾಕ್ಸಿಗೂ ನಡುವೆ ಇರುವ ಎಚ್‌ಡಿಎಂಐ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ. ಟಿವಿಯಲ್ಲಿ ಚಿತ್ರ ಬಂತು ಅಂದರೆ ತೊಂದರೆ ಬಹುಮಟ್ಟಿಗೆ ಸ್ಕ್ರೀನಿನದ್ದು ಅಥವಾ ಅದಕ್ಕೆ ಹೋಗುವ ವೈರಿನದ್ದು. ಮದರ್‌ಬೋರ್ಡ್ ಕಥೆ ಹೇಳುವವರಿಗೆ ಆ ಟಿವಿಯ ಫೋಟೊ ತೋರಿಸಿ.

ಇನ್ನೊಂದು ಉಪಾಯ: ಚಾರ್ಜರ್ ಕಿತ್ತು, ಬ್ಯಾಟರಿ ಕಳಚಿ ಬರುವಂತಿದ್ದರೆ ಕಳಚಿ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ರ್‍ಯಾಮ್ ಉಜ್ಜುವ ಕೆಲಸವನ್ನು ಮಾತ್ರ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಈಗಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೆಸುಗೆ ಹಾಕಿಯೇ ಇರುತ್ತದೆ, ಹೊರಗೆ ಬರಲ್ಲ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಏನನ್ನೂ ಪ್ರಯತ್ನಿಸಬೇಡಿ. ಬ್ಯಾಟರಿ ಊದಿಕೊಂಡಿರಬಹುದು. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತುತ್ತದೆ.

ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇದೆ. ನಮ್ಮೂರಿನ ಪದವಿ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪಿಗೂ ಹೀಗೇ ಆಯಿತು. ರಿಪೇರಿಯವರು ಕೇಳದೆಯೇ ಫಾರ್ಮ್ಯಾಟ್ ಮಾಡಿ ಕೊಟ್ಟರು. ಸ್ಕ್ರೀನ್ ಬಂತು, ಕೊನೇ ಸೆಮಿಸ್ಟರಿನ ಪ್ರಾಜೆಕ್ಟ್ ಹೋಯಿತು. ‘ನನಗೆ ಕೇಳಬೇಕಿತ್ತು ಅಂತಲೇ ಗೊತ್ತಿರಲಿಲ್ಲ ಅಣ್ಣ’ ಅಂದಳು. ಸ್ಕ್ರೀನ್ ಕಪ್ಪಾದರೆ ಫೈಲುಗಳು ಎಲ್ಲೂ ಹೋಗಿರುವುದಿಲ್ಲ, ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ತೆಗೆದುಕೊಳ್ಳಲೂ ಬಹುಪಾಲು ಸಾಧ್ಯ. ಅದಕ್ಕೇ, ಅಂಗಡಿಗೆ ಕೊಡುವಾಗ ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಅಂತ ಚೀಟಿಯಲ್ಲೇ ಬರೆಸಿ. ಎದುರಿಗೇ ಬಿಚ್ಚಲಿ. ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೊಡಲಿ, ಬಿಲ್ ಕೊಡಲಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ ಇಲ್ಲದಿದ್ದರೆ ಅಲ್ಲಿಯೂ ನಮ್ಮ ಮಾತಿಗೆ ತೂಕ ಕಡಿಮೆ.

ಸರ್ಕಾರದ್ದೂ ಒಂದು ಪಾಲಿದೆ. ಪದವಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದು ಒಳ್ಳೇ ಕೆಲಸ. ವಾರಂಟಿ ಮುಗಿದ ಮೇಲೆ ಕೆಟ್ಟರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವಾರಕ್ಕೆ ಒಂದು ದಿನ ರಿಪೇರಿ ಮೇಜು ಹಾಕಲಿ ಅನ್ನೋದು ನಮ್ಮ ಅಭಿಪ್ರಾಯ. ಅಲ್ಲಿ ಓದುವವರಿಗೆ ಕೈ ಪಳಗುತ್ತದೆ, ನಮ್ಮ ಮಕ್ಕಳಿಗೆ ಕನಿಷ್ಠ ‘ಇಂಥದ್ದು ಕೆಟ್ಟಿದೆ’ ಅಂತ ಗೊತ್ತಾಗುತ್ತದೆ. ಅಲ್ಲಿನ ಉಪನ್ಯಾಸಕರೊಬ್ಬರನ್ನು ಕೇಳಿದೆವು. ‘ಬರವಣಿಗೆಯಲ್ಲಿ ಕೊಡಿ, ಪ್ರಿನ್ಸಿಪಾಲರಿಗೆ ತಲುಪಿಸ್ತೀನಿ’ ಅಂದರು. ಅರ್ಜಿ ಬರೆದಿದ್ದೇವೆ, ಸೋಮವಾರ ಕೊಡುತ್ತೇವೆ. ಸಹಿ ಹಾಕುವವರು ಭಾನುವಾರ ಸಂಜೆಯೊಳಗೆ ಹೇಳಿ.