ಭೂಮಣ್ಣಿ ಬುಟ್ಟಿಯೂ ಬತ್ತದ ಗದ್ದೆಯೂ

ಹುಂಚದ ಸಮೀಪದಲ್ಲಿ ಹುಟ್ಟುವ ಕುಮುದ್ವತಿಗೆ ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಈ ಸೀಮೆಗೂ ನೀರು, ಬತ್ತಗಳಿಗೂ ಇರುವ ನಂಟು ಹಳೆಯದು. ನೆರೆಯ ಬಳ್ಳಿಗಾವಿಯ ಚಾಳುಕ್ಯ ಕಾಲದ ಶಾಸನಗಳನ್ನು ಓದಿದವರು ಇದನ್ನು ಬಲ್ಲರು. ಮತ್ತರಿನ ಲೆಕ್ಕದ ಗದ್ದೆಗಳು ಅಲ್ಲಿನ ದಾನಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಆ ಶಾಸನಗಳಲ್ಲಿ ದಾನಿಗಳ ಹೆಸರುಂಟು, ಉತ್ತು ಬಿತ್ತಿದ ಹೆಂಗಸರ ಹೆಸರಿಲ್ಲ. ಅಂಥವರ ಬರಹವನ್ನು ಬೇರೆಡೆ ನೋಡಬೇಕು. ಶಿಕಾರಿಪುರ, ಸೊರಬ, ಸಾಗರದ ದೀವರ ಮನೆಗಳಲ್ಲಿ ಆಶ್ವಯುಜದ ಭೂಮಿ ಹುಣ್ಣಿಮೆಗೆ ಮುನ್ನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪನ್ನು ಪುಂಡಿನಾರಿನ ಕುಂಚದಲ್ಲಿ ಅದ್ದಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ, ನಸುಕಿನಲ್ಲಿ ಅದನ್ನು ಹೊತ್ತು ಗದ್ದೆಗೆ ನಡೆದು, ಬೆರಕೆ ಸೊಪ್ಪಿನ ಅಂಬಲಿಯನ್ನು ಪೈರಿಗೆ ಎರಚುತ್ತಾರೆ. ಆಗ ಬತ್ತ ಹೊಡೆ ತುಂಬಿರುತ್ತದೆ. ಬಸುರಿಗೆ ಮಾಡುವ ಬಯಕೆಯೂಟವನ್ನೇ ಭೂಮಿಗೆ ಮಾಡುವುದು ಇದರ ತಿರುಳು.

ಇಂದು ಚಿತ್ತಾರಕ್ಕೆ ಮನ್ನಣೆಯೇನೋ ದೊರೆತಿದೆ. ಕಾಗದ, ಬಟ್ಟೆ, ಸರ್ಕಾರಿ ಕಚೇರಿಗಳ ಗೋಡೆಗಳ ಮೇಲೂ ಅದು ಬಂದಿದೆ. ಕಲಾವಿದೆಯರಿಗೆ ನಾಲ್ಕು ಕಾಸೂ ಸಿಗುತ್ತದೆ. ಇದನ್ನು ಹಳಿಯುವವನು ನಾನಲ್ಲ. ಮದುವೆಯ ಹಸೆ ಚಿತ್ತಾರಕ್ಕಾಗಿ ಮಣ್ಣಿನ ಗೋಡೆ ಉಳಿಯಲಿ ಎನ್ನುವ ಪೇಟೆಯ ರಸಿಕರನ್ನು ಕಂಡಾಗ ನನಗೆ ನಗು ಬರುತ್ತದೆ. ಮಲೆನಾಡಿನ ಮಳೆಯಲ್ಲಿ ಆ ಗೋಡೆಯನ್ನು ಕಾಯ್ದುಕೊಳ್ಳುವ ಕಷ್ಟ ಅವರದಲ್ಲವಷ್ಟೆ! ಸಿಮೆಂಟಿನ ಗೋಡೆಯ ಮೇಲೂ ಚಿತ್ತಾರ ನಿಂತೀತು.

ನನ್ನ ಅಳಲು ಗದ್ದೆಯದು. ಈ ಸೀಮೆಯ ಬತ್ತದ ನೆಲದಲ್ಲಿ ಅಡಿಕೆ, ಶುಂಠಿ, ಮೆಕ್ಕೆಜೋಳ ಹಬ್ಬುತ್ತಿವೆ. ರೈತನನ್ನು ದೂರಲಾಗದು, ಆಳಿನ ಕೂಲಿಯನ್ನೂ ಬತ್ತದ ಬೆಲೆಯನ್ನೂ ಅವನು ತೂಗಿ ನೋಡಿಯೇ ನೆಟ್ಟಿದ್ದಾನೆ. ಅಡಿಕೆಯ ಬುಡದಲ್ಲಿಯೂ ಹುಣ್ಣಿಮೆಯ ಪೂಜೆ ನಡೆಯುತ್ತದೆ, ನಿಜ. ಆದರೆ ಹೊಡೆ ತುಂಬಿದ ಪೈರು, ಗದ್ದೆಯ ಬದುವಿನ ಸೊಪ್ಪು, ನಾಟಿಯ ಹಾಡು ಇವು ತೋಟದಲ್ಲಿ ಹುಟ್ಟುವಂಥವಲ್ಲ. ಸಂಸ್ಕೃತಿಯ ರಕ್ಷಣೆಗೆಂದು ನಾವು ಕಲಾಶಿಬಿರ, ಪ್ರಶಸ್ತಿಗಳ ಮಾತಾಡುತ್ತೇವೆ. ಬತ್ತದ ಬೆಲೆಯನ್ನು ಕೃಷಿ ಇಲಾಖೆಗೆ ಬಿಟ್ಟು ಸುಮ್ಮನಾಗುತ್ತೇವೆ. ಬತ್ತ ಬೆಳೆಯುವವನಿಗೆ ಬದುಕುವಷ್ಟು ಬೆಲೆ ಸಿಗುವಂತೆ ಮಾಡುವುದು ಸಂಸ್ಕೃತಿ ಇಲಾಖೆಯ ಕೆಲಸವೂ ಹೌದೆಂದು ನಾನು ವಾದಿಸುತ್ತೇನೆ. ಅಂಜನಾಪುರದ ನೀರು ಹರಿಯುವ ಗದ್ದೆಗಳಿಂದಲೇ ಅದು ಮೊದಲಾಗಲಿ.