ಬಕೆಟ್ಟು ಹೊತ್ತವಳ ಹೆಸರೇನು?



ನಮ್ಮ ಹಾಸ್ಟೆಲ್ ರೂಮಿನ ಗೋಡೆ ಮೇಲೆ ಎರಡು ಪಟ ಇದ್ದವು. ಒಂದು ಬಾಬಾಸಾಹೇಬರದು. ಇನ್ನೊಂದು, ಹಳೇ ಪತ್ರಿಕೆಯಿಂದ ಕತ್ತರಿಸಿ ಅನ್ನದ ಅಗುಳು ಮೆತ್ತಿ ಅಂಟಿಸಿದ್ದು, ಚಿಲಿ ದೇಶದ ಕವಿ ಪಾಬ್ಲೋ ನೆರೂದಾನದು. ಅಂಟಿಸಿದವನು ನಾನೇ. ಮೆಸ್ಸಿನ ಸಾರು ಬರೀ ನೀರಾಗಿದ್ದ ರಾತ್ರಿಗಳಲ್ಲೂ ಅವನ ಪದ್ಯಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಕೊಂಡು ಮಲಗಿದ್ದೇವೆ. ಬಂಡಾಯದ ಅಣ್ಣಂದಿರು ಇವನು ನಮ್ಮವನು ಅಂತ ಕೊಟ್ಟರು, ನಾವು ನಮ್ಮವನು ಅಂತ ತಗೊಂಡೆವು. ಈಗ ಆ ಪಟ ಗೋಡೆ ಮೇಲಿಲ್ಲ. ಕಿತ್ತವನೂ ನಾನೇ. ಕಿತ್ತ ದಿನ ರೂಮಿನಲ್ಲಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಈ ಸಲದ ಸಂಪಾದಕೀಯ ಇದರ ಮೇಲೆ.

ಸಂಗತಿ ಇಷ್ಟು. 1929ನೇ ಇಸವಿ. ನೆರೂದಾ ಚಿಲಿ ಸರ್ಕಾರದ ಕಾನ್ಸಲ್ ಆಗಿ ಆಗಿನ ಸಿಲೋನಿನಲ್ಲಿದ್ದ. ರೈಲ್ವೆ ಕೆಲಸಗಾರನ ಮಗ. ಇಪ್ಪತ್ತೈದರ ಆಸುಪಾಸಿನ ವಯಸ್ಸು, ಅಂದರೆ ನಮ್ಮದೇ ವಯಸ್ಸು. ಕೊಲಂಬೋದ ವೆಲ್ಲವತ್ತೆಯಲ್ಲಿ ಕಡಲ ಪಕ್ಕ ಮನೆ. ಮನೆಯ ಕಕ್ಕಸು ಅಂದರೆ ತೂತು ಕೊರೆದ ಮರದ ಪೆಟ್ಟಿಗೆ, ಅದರ ಕೆಳಗೊಂದು ಬಕೆಟ್ಟು. ದಿನಾ ಬೆಳಗಾಗುವುದರೊಳಗೆ ಬಕೆಟ್ಟು ಖಾಲಿ. ಯಾರು ಖಾಲಿ ಮಾಡುತ್ತಾರೆ ಅನ್ನುವುದು ಕವಿಗೆ ದೊಡ್ಡ ಸೋಜಿಗವಾಗಿತ್ತಂತೆ. (ನಮ್ಮಜ್ಜಿಯನ್ನು ಕೇಳಿದ್ದರೆ ಹೇಳಿಬಿಡುತ್ತಿದ್ದಳು.) ಒಂದು ದಿನ ಬೇಗ ಎದ್ದ, ನೋಡಿದ. ಬಂದವಳು ತಮಿಳು ಹೆಂಗಸು, ಪರೆಯರವಳು, ನಮ್ಮ ಹೊಲಗೇರಿಯವಳೇ ಅನ್ನಿ. ಅವನ ಕಡೆ ನೋಡಲೂ ಇಲ್ಲ, ಬಕೆಟ್ಟನ್ನು ತಲೆ ಮೇಲೆ ಹೊತ್ತು ನಡೆದುಬಿಟ್ಟಳು. ಆಮೇಲೆ ಅವನು ಕರೆದು ನೋಡಿದ, ತಿರುಗಲಿಲ್ಲ. ಅವಳು ಬರುವ ದಾರಿಯಲ್ಲಿ ರೇಷ್ಮೆಯನ್ನೋ ಹಣ್ಣನ್ನೋ ಇಟ್ಟ, ಅದರ ಕಡೆಗೂ ನೋಡಲಿಲ್ಲ. ಕಡೆಗೊಂದು ಬೆಳಿಗ್ಗೆ ಅವಳ ಮಣಿಕಟ್ಟು ಹಿಡಿದು ಒಳಗೆ ಕರೆದುಕೊಂಡು ಹೋದ. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಅವಳು ಕೊನೆಯವರೆಗೂ ಕಣ್ಣು ಮುಚ್ಚದೆ ಕಲ್ಲಿನ ಹಾಗಿದ್ದಳು.

ಇದನ್ನು ಹೇಳಿದವರು ಅವನ ವೈರಿಗಳಲ್ಲ. ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. 1973ರ ಸೆಪ್ಟೆಂಬರ್‌ನಲ್ಲಿ ಸತ್ತ, 1974ರಲ್ಲಿ ಪುಸ್ತಕ ಅಚ್ಚಾಯಿತು, 1977ರಲ್ಲಿ ಇಂಗ್ಲಿಷಿಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜನ ಓದಿಲ್ಲ! ಓದಿದವರು ಆ ಪುಟವನ್ನು ಮಗುಚಿ ಮುಂದಕ್ಕೆ ಹೋದರು. ಚಿಲಿಯಲ್ಲೇ ಇದು ದೊಡ್ಡ ಗಲಾಟೆಯಾದದ್ದು 2018ರಲ್ಲಿ. ಸಾಂಟಿಯಾಗೋ ವಿಮಾನ ನಿಲ್ದಾಣಕ್ಕೆ ನೆರೂದಾನ ಹೆಸರಿಡುವ ಪ್ರಸ್ತಾಪಕ್ಕೆ ಅಲ್ಲಿನ ಸಂಸತ್ತಿನ ಒಂದು ಸಮಿತಿ ಹೂಂ ಅಂದಾಗ, ಹೆಣ್ಣುಮಕ್ಕಳು ಎದ್ದು ನಿಂತು ಈ ಪುಟ ತೆಗೆದು ಓದಿದರು. ಹೆಸರು ಬದಲಾಗಲಿಲ್ಲ. ಅಚ್ಚಾದ ಪುಟ ಜನರ ಕಣ್ಣಿಗೆ ಬೀಳಲು ನಲವತ್ತನಾಲ್ಕು ವರ್ಷ ಬೇಕಾಯಿತು.

ಈಗ ರೂಮಿನ ಜಗಳಕ್ಕೆ ಬರುತ್ತೇನೆ. ಒಬ್ಬ ಗೆಳೆಯ ಅಂದ, "ಒಪ್ಪಿಕೊಂಡಿದ್ದಾನಲ್ಲೋ, ಇನ್ನೇನು ಮಾಡಬೇಕಿತ್ತು?" ಅವಳು ತನ್ನನ್ನು ತಿರಸ್ಕರಿಸಿದ್ದು ಸರಿ ಅಂತ ಕವಿ ಬರೆದಿದ್ದಾನೆ, ನಿಜ. ಆದರೆ ಆ ಪುಟವನ್ನು ನಿಧಾನವಾಗಿ ಓದಿ. ಅತ್ಯಾಚಾರ ಅನ್ನುವ ಪದ ಇಲ್ಲ. ಅವಳ ಹೆಸರಿಲ್ಲ, ಕೇಳಿ ತಿಳಿದುಕೊಂಡ ಗುರುತೂ ಇಲ್ಲ. ಆದರೆ ಅವಳ ಸೀರೆಯ ಬಣ್ಣ ಇದೆ, ಕಾಲಿನ ಕಡಗ ಇದೆ, ಮೂಗಿನ ಎರಡೂ ಕಡೆಯ ಕೆಂಪು ಬೊಟ್ಟು ಇದೆ. ಹೇಲು ಹೊತ್ತು ಹೋಗುವವಳು ಅವನ ಕಣ್ಣಿಗೆ ದೇವತೆಯ ಹಾಗೆ ಕಾಣುತ್ತಾಳೆ! ಒಬ್ಬ ಮನುಷ್ಯಳನ್ನು ಮೊದಲು ದೇವತೆ ಮಾಡಿ ಆಮೇಲೆ ಶಿಲೆ ಮಾಡಿದರೆ ನಡುವೆ ಅವಳು ಹೆಂಗಸಾಗಿ ಉಳಿಯುವುದು ಯಾವಾಗ? ನಾನೂ ನಮ್ಮವ್ವನ ಮೇಲೆ ಇಂಥದೇ ಪದ್ಯ ಬರೆದಿದ್ದೇನೆ, ಕಸದ ಬುಟ್ಟಿ ಕಿರೀಟದ ಹಾಗೆ ಕಂಡಿತು ಅಂತ. ಚಪ್ಪಾಳೆ ಬಿದ್ದಿತ್ತು. ಈಗ ಅದನ್ನು ಓದಲು ನಾಚಿಕೆಯಾಗುತ್ತದೆ. ಅವ್ವನಿಗೆ ಆ ಬುಟ್ಟಿಯಿಂದ ಕತ್ತು ನೋವು ಬಂದಿತ್ತೇ ಹೊರತು ಕಿರೀಟ ಬಂದಿರಲಿಲ್ಲ.

ಬಿಳಿ ದೊರೆಗಳ ಸೊಕ್ಕನ್ನು ಕಂಡರೆ ನೆರೂದಾನಿಗೆ ಆಗುತ್ತಿರಲಿಲ್ಲ. ಅದೂ ಅದೇ ಪುಸ್ತಕದಲ್ಲಿದೆ. ಹಾಗಿದ್ದೂ ಅವಳ ಕೈ ಹಿಡಿಯುವಾಗ ಅವನಿಗೆ ಯಾರ ಭಯವೂ ಇರಲಿಲ್ಲ. ಯಾಕಿರಬೇಕು? ಮನೆಯ ಮುಂದಿನಿಂದ ಬರಲು ಹಕ್ಕಿಲ್ಲದವಳು, ಬೆಳಗಾಗುವ ಮುಂಚೆ ಬಂದು ಮಾಯವಾಗಬೇಕಾದವಳು ಯಾರ ಹತ್ತಿರ ಹೋಗಿ ದೂರು ಹೇಳುತ್ತಾಳೆ? ಜಾತಿ ಅವಳನ್ನು ಹಿತ್ತಿಲಿನ ದಾರಿಗೆ ತಂದು ನಿಲ್ಲಿಸಿತ್ತು. ಕವಿ ಆ ದಾರಿಯನ್ನು ಬಳಸಿಕೊಂಡ. ಬಂದವಳು ಊರಿನ ದೊಡ್ಡ ವಕೀಲನ ಮಗಳಾಗಿದ್ದರೆ ಕೈ ಹಿಡಿಯುತ್ತಿದ್ದನೇ?

ಇನ್ನೊಬ್ಬ ಅಂದ, ಪದ್ಯ ಬೇರೆ, ಕವಿ ಬೇರೆ ಅಂತ. ಈ ಮಾತು ನನಗೆ ಬಹಳ ಕಸಿವಿಸಿ ಮಾಡಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡುವುದಿಲ್ಲ ಅಂದರಲ್ಲ, ಆಗ ಕೇಳಿಬಂದದ್ದೂ ಸಾಹಿತ್ಯವೇ ಬೇರೆ, ಜಾತಿಯೇ ಬೇರೆ ಅನ್ನುವ ಮಾತು. ಅದನ್ನು ಒಪ್ಪದೆ ಅದೇ ವರ್ಷ ಮಾರ್ಚಿಯಲ್ಲಿ ನಮ್ಮ ಹಿರಿಯರು ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಮಾಡಿದರು. ಬರೆಯುವವನ ಬದುಕಿನಿಂದ ಬರವಣಿಗೆಯನ್ನು ಬಿಡಿಸಲು ಆಗುವುದಿಲ್ಲ ಅಂತ ಇಷ್ಟು ವರ್ಷ ಅವರಿಗೆಲ್ಲ ಹೇಳಿಕೊಂಡು ಬಂದು, ಈಗ ನಮ್ಮ ಕವಿಯ ಸರದಿ ಬಂದಾಗ ಬಿಡಿಸಿ ಕೊಡಿ ಅಂದರೆ ಹೇಗೆ?

ಮೂರನೆಯವನ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅವನಂದ, "ಇದರಿಂದ ಖುಷಿಪಡುವವರು ಯಾರು ಗೊತ್ತಾ? ಪಿನೋಷೆ ಕಡೆಯವರು." ಹೌದು. ನೆರೂದಾ ಮಾಡಿದ್ದು ಸಣ್ಣ ಕೆಲಸವಲ್ಲ. 1939ರಲ್ಲಿ ಸ್ಪೇನಿನ ಫ್ಯಾಸಿಸ್ಟರಿಂದ ತಪ್ಪಿಸಿಕೊಂಡು ಬಂದಿದ್ದ ಸುಮಾರು ಎರಡು ಸಾವಿರ ಜನರನ್ನು ವಿನ್ನಿಪೆಗ್ ಅನ್ನುವ ಹಡಗಿನಲ್ಲಿ ಚಿಲಿಗೆ ಸಾಗಿಸಿದ. ತನ್ನ ದೇಶದ ಸರ್ಕಾರವೇ ಬೆನ್ನು ಹತ್ತಿದಾಗ ಕುದುರೆಯೇರಿ ಆಂಡೀಸ್ ಬೆಟ್ಟ ದಾಟಿದ. ಸೈನ್ಯ ಅಧಿಕಾರ ಹಿಡಿದ ಹನ್ನೆರಡೇ ದಿನಕ್ಕೆ ಸತ್ತ. ಬಂದೂಕುಗಳ ನಡುವೆ ನಡೆದ ಅವನ ಶವಯಾತ್ರೆಯೇ ಆ ಸರ್ವಾಧಿಕಾರದ ವಿರುದ್ಧ ಜನ ಬೀದಿಗೆ ಬಂದ ಮೊದಲ ಮೆರವಣಿಗೆಯಾಯಿತು. ಇದನ್ನೆಲ್ಲ ನಾನು ಅಳಿಸಲಾರೆ. ಆ ಹಡಗಿನಲ್ಲಿ ಬದುಕಿ ಬಂದವರ ಮಟ್ಟಿಗೆ ಅವನು ವೀರನೇ. ಆದರೆ ಕೊಲಂಬೋದ ಆ ಹೆಂಗಸಿನ ಮಟ್ಟಿಗೆ? ಹಡಗನ್ನು ಒಂದು ತಟ್ಟೆಯಲ್ಲಿ, ಅವಳನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಲು ತಕ್ಕಡಿ ಹಿಡಿದವರು ಯಾರು? ಇಂಥ ತಕ್ಕಡಿಯಲ್ಲಿ ನಮ್ಮವರು ಯಾವತ್ತಾದರೂ ಭಾರವಾಗಿದ್ದುಂಟೇ?

ವೈರಿ ನಗುತ್ತಾನೆ ಅನ್ನುವ ಮಾತು ದೂರದ ಚಿಲಿಯದಷ್ಟೇ ಅಲ್ಲ. ನಮ್ಮ ಸಭೆಗಳಲ್ಲೂ ಕೇಳಿದ್ದೇನೆ. ಹುಡುಗಿಯೊಬ್ಬಳು ಬಂದು ನಾಯಕನೊಬ್ಬನ ಬಗ್ಗೆ ಬಾಯಿ ತೆಗೆದರೆ ಸಾಕು, "ಈಗ ಬೇಡ ತಂಗೀ, ಹೋರಾಟಕ್ಕೆ ಪೆಟ್ಟು ಬೀಳ್ತದೆ" ಅಂತ ಯಾರಾದರೂ ಎದ್ದು ಹೇಳುತ್ತಾರೆ. ಹಾಗಾದರೆ ಯಾವಾಗ? ಅವನು ಸತ್ತ ಮೇಲೆ, ಆತ್ಮಕಥೆ ಅಚ್ಚಾದ ಮೇಲೆ, ಇನ್ನೂ ನಲವತ್ತನಾಲ್ಕು ವರ್ಷ ಕಳೆದ ಮೇಲೆಯೋ? ನಾವು ಸುಮ್ಮನಿದ್ದರೆ ಆ ಮಾತನ್ನು ವೈರಿಯೇ ಆಡುತ್ತಾನೆ, ಅವಳಿಗಾಗಿ ಅಲ್ಲ, ನಮ್ಮನ್ನು ಹಣಿಯಲು.

ಬಾಬಾಸಾಹೇಬರು 1943ರಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುವಾಗ ವೀರಪೂಜೆಯನ್ನು ಎರಡಾಗಿ ಸೀಳಿ ತೋರಿಸಿದರು. ದೊಡ್ಡವರನ್ನು ಮೆಚ್ಚಿ ಗೌರವಿಸುವುದು ಒಂದು, ಬುದ್ಧಿಯನ್ನೇ ಅವರ ಕೈಗೆ ಒಪ್ಪಿಸಿ ಹಿಂದೆ ಹೋಗುವುದು ಇನ್ನೊಂದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೂ ರಾಜಕೀಯದ ಭಕ್ತಿ ಎಲ್ಲಿಗೆ ಮುಟ್ಟಿಸುತ್ತದೆ ಅಂತ ಎಚ್ಚರಿಸಿದರು. ಇದನ್ನು ಹೇಳಿದ ಮನುಷ್ಯನ ಪಟದ ಪಕ್ಕದಲ್ಲೇ ನಾನು ಇನ್ನೊಂದು ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದೆನಲ್ಲ!

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಪುಸ್ತಕ ಸುಡುವ ಮಾತಿಲ್ಲ. ಸುಟ್ಟರೆ ಆ ಪುಟವೂ ಸುಟ್ಟುಹೋಗುತ್ತದೆ, ಅವಳು ಈ ಲೋಕದಲ್ಲಿ ಉಳಿದಿರುವುದು ಆ ಒಂದು ಪುಟದಲ್ಲಿ ಮಾತ್ರ. ಪದ್ಯ ಓದೋಣ, ಆ ಪುಟವನ್ನೂ ಜೊತೆಗಿಟ್ಟುಕೊಂಡು ಓದೋಣ. ಆದರೆ ಪಟ ಬೇಡ, ಹಾರ ಬೇಡ, ಬಾಗಿಲ ಮೇಲೆ ಹೆಸರು ಬೇಡ. ಆ ವಿಮಾನ ನಿಲ್ದಾಣದಲ್ಲೂ ಕಕ್ಕಸು ತೊಳೆಯುವ ಹೆಂಗಸರು ಇದ್ದಾರು. ದಿನಾ ಬೆಳಿಗ್ಗೆ ಆ ಹೆಸರಿನ ಕೆಳಗೆ ನುಸುಳಿಕೊಂಡು ಅವರು ಕೆಲಸಕ್ಕೆ ಹೋಗಬೇಕಿತ್ತೇ?

ನಮ್ಮ ರಾಜ್ಯದಲ್ಲಿ ಮಲ ಹೊರುವುದನ್ನು ನಿಲ್ಲಿಸಿ ಅಂತ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗಲೇ ಆಜ್ಞೆ ಮಾಡಿದರು. 1993ರಲ್ಲಿ ದೇಶಕ್ಕೇ ಕಾನೂನು ಬಂತು. ಆದರೂ 2010ರ ಜುಲೈನಲ್ಲಿ ಸವಣೂರಿನ ಭಂಗಿಗಳು ಪುರಸಭೆಯ ಮುಂದೆ ಮೈಮೇಲೆ ಹೇಲು ಸುರಿದುಕೊಂಡು ನಿಂತ ಮೇಲೆಯೇ ಊರಿಗೆ ಅವರು ಕಂಡದ್ದು. ಹಾಗಾಗಿ ಬಕೆಟ್ಟು ಹೊತ್ತವಳನ್ನು ಕಾಣದೇ ಇದ್ದದ್ದು ನೆರೂದಾ ಒಬ್ಬನ ರೋಗ ಅಂತ ನಾನು ಹೇಳಲಾರೆ.

ಮುಂದಿನ ಓದುಕೂಟದಲ್ಲಿ ಅವನ ಎರಡು ಪದ್ಯ ಮತ್ತು ಆ ಒಂದು ಪುಟ, ಮೂರನ್ನೂ ಓದುತ್ತೇವೆ. ಹುಡುಗಿಯರ ಹಾಸ್ಟೆಲಿನವರೂ ಬರಬೇಕು, ಮೊದಲ ಮಾತು ಅವರದೇ. ಜಗಳವಾಡಲು ಬರುವವರು ಆ ಪುಟವನ್ನು ಓದಿಕೊಂಡೇ ಬನ್ನಿ. ನನ್ನ ರೂಮಿನವನು ಬರುತ್ತೇನೆ ಅಂದಿದ್ದಾನೆ. ಪಟ ಹರಿದಿಲ್ಲ, ಅವನ ಟ್ರಂಕಿನಲ್ಲಿದೆ.