ಹಗ್ಗವೋ, ವೈರೋ? ಬೋರ್‌ವೆಲ್ ಬಾಯಲ್ಲೊಂದು ಜಗಳ

ಬೋರ್‌ವೆಲ್ಲಿಗೆ ಮೋಟಾರ್ ಇಳಿಸುವಾಗ ಜೊತೆಗೆ ಹಗ್ಗ ಬಿಡಬೇಕೋ, ವೈರ್ ರೋಪ್ ಬಿಡಬೇಕೋ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ.. ಈ ನಾಲ್ಕು ತಾಲ್ಲೂಕಿನ ಯಾವ ಊರಿನ ಅರಳಿಕಟ್ಟೆ ಮೇಲೆ ಈ ಪ್ರಶ್ನೆ ಎತ್ತಿದರೂ ಸಂಜೆಯವರೆಗೆ ಜಗಳ ಗ್ಯಾರಂಟಿ. 'ವೈರೇ ಗಟ್ಟಿ ಕಣಯ್ಯಾ, ಆನೆ ಎಳೆದ್ರೂ ಕಿತ್ತೋಗಲ್ಲ' ಅಂತ ಒಬ್ಬರು. 'ತುಕ್ಕು ಹಿಡಿದ ಮೇಲೆ ಆನೆ ಯಾಕೆ, ಆಡು ಸಾಕು' ಅಂತ ಇನ್ನೊಬ್ಬರು. ನಾನು ಹಗ್ಗದ ಪಕ್ಷ. ಯಾಕೆ ಅಂತ ಇಲ್ಲಿ ಹೇಳಿಬಿಡ್ತೀನಿ.

ಪೇಟೆಯಲ್ಲಿರೋ ಗೆಳೆಯರಿಗೆ ಎರಡು ಮಾತು. ಆರೂವರೆ ಇಂಚಿನ ತೂತು, ಕೆಳಗೆ ನೂರಾರು ಅಡಿ ಕತ್ತಲೆ. ನಮ್ಮ ಕಡೆ ಸಾವಿರ ಅಡಿ ಕೊರೆಸಿದವರೇನೂ ಕಡಿಮೆಯಿಲ್ಲ. ಅದರೊಳಗೆ ಪೈಪಿನ ತುದಿಗೆ ಮೋಟಾರು, ಪಂಪು ನೇತಾಡುತ್ತಿರುತ್ತೆ. ಪೈಪೇ ಭಾರ ಹೊರೋದು ನಿಜ. ಆದರೆ ಪೈಪು ಬಿರುಕು ಬಿಟ್ಟರೆ, ಜಾಯಿಂಟು ಕಳಚಿದರೆ? ಅದಕ್ಕೇ ಪಂಪಿಗೊಂದು ಹಗ್ಗ ಕಟ್ಟಿ ಮೇಲೆ ಕೇಸಿಂಗ್ ಹತ್ತಿರ ಬಿಗಿಯೋದು. ಭಾರ ಎಷ್ಟು ಅಂತೀರಾ? ಪೈಪಿನ ಒಳವ್ಯಾಸ 32 ಮಿ.ಮೀ. ಇದ್ದರೆ ಒಂದು ಮೀಟರಿಗೆ ಸುಮಾರು 800 ಮಿ.ಲೀ. ನೀರು. 200 ಮೀಟರಿಗೆ ನೀರೇ 160 ಕೆ.ಜಿ. ಆಯ್ತು. ಮೇಲೆ ಪೈಪು, ಕೇಬಲ್ಲು, ಮೋಟಾರಿನ ತೂಕ ಬೇರೆ. ಕಿತ್ತು ಕೆಳಗೆ ಬಿದ್ದರೆ ಮೋಟಾರು ಮಾತ್ರ ಹೋಗಲ್ಲ, ಎಷ್ಟೋ ಸಲ ಬೋರೇ ಹೋಗುತ್ತೆ. ಸಾಲ ಮಾಡಿ ಕೊರೆಸಿದವನಿಗೆ ಅದು ಒಂದು ಬೆಳೆಯ ನಷ್ಟವಲ್ಲ, ಐದಾರು ವರ್ಷದ ಬದುಕು.

ಹಗ್ಗದ ವಿಷಯ ನಮ್ಮವರಿಗೆ ಹೊಸದಲ್ಲ. ಕಪಿಲೆ ಬಾವಿಗಳ ಕಾಲದಲ್ಲಿ ಜೋಡೆತ್ತು ಇಳಿಜಾರಿನಲ್ಲಿ ನಡೆದು ನೀರೆತ್ತುತ್ತಿದ್ದವು. ದೊಡ್ಡ ರಾಟೆಯ ಮೇಲೆ ದಪ್ಪ ಹಗ್ಗ, ಕೆಳಗೆ ಸಣ್ಣ ಹಗ್ಗ, ಇಳಿಯುವಾಗ ಹಗ್ಗದ ಮೇಲೇ ಕೂತು ಭಾರ ಹಾಕುವ ಕಪಿಲೆಯವನು. ಹೊಲದ ಬೇಲಿಯ ಕತ್ತಾಳೆಯನ್ನೇ ಕೊಳೆ ಹಾಕಿ, ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ಹುರಿ, ಕಣ್ಣಿ, ಮಿಣಿ, ಮೂಗುದಾರ.. ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು. ಪಾವಗಡದ ಕಡೆ ಹೋದರೆ ತೆಲುಗಿನ 'ತಾಡು' ಕೂಡ ಸೇರ್ಕೊಳ್ಳುತ್ತೆ. ಯಾವ ಕೆಲಸಕ್ಕೆ ಯಾವ ಹಗ್ಗ ಅನ್ನೋ ತಿಳಿವಳಿಕೆ ಆ ಹೆಸರುಗಳಲ್ಲೇ ಇತ್ತು. ಈಗ ಅಂಗಡಿಗೆ ಹೋಗಿ 'ಒಂದು ನೈಲಾನ್ ಹಗ್ಗ ಕೊಡಿ' ಅಂದರೆ ಮುಗೀತು.

ತಮಾಷೆ ಏನಂದ್ರೆ ಇದೇ ಜಗಳ ಸಮುದ್ರದಲ್ಲೂ ಇದೆ! ಹಾಯಿದೋಣಿಯಲ್ಲಿ ಹಾಯಿಯನ್ನು ಕಂಬದ ತುದಿಗೆ ಎಳೆದು ಕಟ್ಟೋದಕ್ಕೆ ಒಂದು ಹಗ್ಗ ಇರುತ್ತೆ. ನಾರಿನ ಹಗ್ಗ ಹಿಗ್ಗಿ ಹಾಯಿ ಸಡಿಲವಾಗುತ್ತೆ ಅಂತ ವೈರಿಗೆ ಹೋದರು. ವೈರು ಕೈ ಕೊಯ್ಯುತ್ತೆ ಅಂತ ಹಿಡಿಯೋ ತುದಿಗೆ ಹಗ್ಗ ಹೆಣೆದು ಸೇರಿಸಿದರು. ಈಚೆಗೆ ಹಿಗ್ಗದ ಸಿಂಥೆಟಿಕ್ ಹಗ್ಗಗಳು ಬಂದ ಮೇಲೆ ಬಹಳ ಜನ ಮತ್ತೆ ಹಗ್ಗಕ್ಕೇ ಬಂದಿದ್ದಾರೆ. ಜಯಮಂಗಲಿ ನದಿಯಲ್ಲಿ ನಮಗೆ ಹಾಯಿದೋಣಿಯ ಯೋಗ ಇಲ್ಲ, ಮರಳು ಕಂಡರೆ ಅದೇ ಪುಣ್ಯ :-) ಆದರೆ ಅವರು ಕಲಿತ ಒಂದು ಪಾಠ ನಮಗೂ ಬೇಕು. ಎಷ್ಟು ಗಟ್ಟಿ ಅನ್ನೋದು ಮೊದಲನೇ ಪ್ರಶ್ನೆ ಅಲ್ಲ. ಹಾಳಾಗೋದು ಹೇಗೆ, ಹಾಳಾಗ್ತಿರೋದು ನಮಗೆ ಕಾಣುತ್ತಾ ಅನ್ನೋದು ಮೊದಲನೇ ಪ್ರಶ್ನೆ.

ವೈರನ್ನೇ ನೋಡಿ. 8 ಮಿ.ಮೀ. ವೈರ್ ರೋಪು ಹೊಸದರಲ್ಲಿ ಮೂರು ಟನ್‌ಗೂ ಹೆಚ್ಚು ತಡೆಯುತ್ತೆ. ಒಪ್ಪಿದೆ. ಆದರೆ 100 ಮೀಟರಿಗೆ ಇಪ್ಪತ್ತು ಕೆ.ಜಿ. ದಾಟುತ್ತೆ. ಬೋರಿನಲ್ಲಿ ದಿನಾ ಪಂಪು ಓಡಿದಾಗ ನೀರು ಇಳಿಯುತ್ತೆ, ನಿಲ್ಲಿಸಿದಾಗ ಏರುತ್ತೆ. ಆ ಒದ್ದೆ-ಒಣ ಜಾಗದಲ್ಲೇ ತುಕ್ಕು ಜಾಸ್ತಿ. ನಮ್ಮ ಗಡಸು ನೀರಿನಲ್ಲಿ ಸತುವಿನ ಲೇಪ ಎಷ್ಟು ದಿನ ಬಂದೀತು? ಅದೂ ತುಕ್ಕು ಹಿಡಿಯೋದು ಎಳೆಗಳ ಒಳಗೆ, ನೂರಾರು ಅಡಿ ಕೆಳಗೆ. ಮೇಲೆ ಕೇಸಿಂಗ್ ಹತ್ತಿರ ನೋಡಿದರೆ ಮದುವೆ ಗಂಡಿನ ಹಾಗೆ ಹೊಳೀತಿರುತ್ತೆ.

ಇನ್ನೊಂದು, ವೈರಿಗೆ ಗಂಟು ಹಾಕೋ ಹಾಗಿಲ್ಲ. ಯು-ಬೋಲ್ಟ್ ಕ್ಲಾಂಪು ಕನಿಷ್ಠ ಮೂರು ಬೇಕು, ಅದೂ ಬಾಗಿದ ಬೋಲ್ಟು ಮಡಚಿದ ಗಿಡ್ಡ ತುದಿಯ ಮೇಲೆ, ಚಪ್ಪಟೆ ಭಾಗ ಭಾರ ಹೊರುವ ಉದ್ದನೆ ವೈರಿನ ಮೇಲೆ ಬರಬೇಕು. ಊರಲ್ಲಿ ನಾನು ನೋಡಿದ್ದರಲ್ಲಿ ಅರ್ಧಕ್ಕರ್ಧ ಒಂದೇ ಕ್ಲಾಂಪು, ಅದೂ ಉಲ್ಟಾ. ಹಾಗೆ ಕಟ್ಟಿದ ಮೇಲೆ ಆ ಮೂರು ಟನ್ ಲೆಕ್ಕ ಕಾಗದದ ಮೇಲಷ್ಟೇ.

ಹಗ್ಗಕ್ಕೆ ಬನ್ನಿ. ಇಲ್ಲೂ ಮೋಸ ಇದೆ. ನೈಲಾನ್ ಅಂತ ಮಾರೋದೆಲ್ಲ ನೈಲಾನ್ ಅಲ್ಲ. ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ನನಗೂ ಹಾಗೇ ಕೊಟ್ಟರು, ಹೆಸರು ಬೇಡ ಬಿಡಿ. ಪರೀಕ್ಷೆ ಸುಲಭ. ಗೇಣುದ್ದ ತುಂಡನ್ನು ಬಕೆಟ್ಟಿಗೆ ಹಾಕಿ. ನೈಲಾನ್ ಮುಳುಗುತ್ತೆ, ಪಾಲಿಪ್ರೊಪಿಲೀನ್ ತೇಲುತ್ತೆ. ತೇಲಿತು ಅಂತ ಬೇಜಾರು ಬೇಡ, ಬೋರಿಗೆ ಅದೇ ವಾಸಿ. ನೈಲಾನ್ ಗಟ್ಟಿ ನಿಜ, ಆದರೆ ನೀರು ಕುಡಿದು ಸ್ವಲ್ಪ ಬಲ ಕಳ್ಕೊಳ್ಳುತ್ತೆ, ಭಾರಕ್ಕೆ ಸಿಕ್ಕಾಪಟ್ಟೆ ಹಿಗ್ಗುತ್ತೆ. ಪಾಲಿಪ್ರೊಪಿಲೀನ್ ನೀರು ಕುಡಿಯಲ್ಲ, ತುಕ್ಕಿನ ಮಾತೇ ಇಲ್ಲ. 12 ಮಿ.ಮೀ.ದು ಹೊಸದರಲ್ಲಿ ಸುಮಾರು ಎರಡು ಟನ್ ತಡೆಯುತ್ತೆ, 100 ಮೀಟರಿಗೆ ತೂಕ ಆರೂವರೆ ಕೆ.ಜಿ. ಅಷ್ಟೆ. ಗಂಟು ಹಾಕಿದರೆ ಬಲ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತೆ. ಅದನ್ನು ಲೆಕ್ಕ ಹಿಡಿದೇ ದಪ್ಪ ಆರಿಸಬೇಕು, 16 ಮಿ.ಮೀ. ತಂದರೆ ಇನ್ನೂ ನೆಮ್ಮದಿ.

ಇದರ ಶತ್ರು ಬಿಸಿಲು. ಪಾವಗಡದ ಬಿಸಿಲಿನ ಬಗ್ಗೆ ನಾನೇನು ಹೇಳಲಿ, ಸಾವಿರಾರು ಎಕರೆ ಸೋಲಾರ್ ಪಾರ್ಕು ಮಾಡಿದ್ದಾರೆ ಅಂದಮೇಲೆ! ಆದರೆ ಬೋರಿನೊಳಗೆ ಬಿಸಿಲಿಲ್ಲ. ಹಾಳಾಗೋದು ಹೊರಗಿರೋ ನಾಲ್ಕು ಅಡಿ, ಮತ್ತೆ ಕೇಸಿಂಗ್ ಅಂಚಿಗೆ ಉಜ್ಜೋ ಜಾಗ. ಎರಡೂ ಕಣ್ಣೆದುರಿಗೇ ಇರೋದು. ನಾರು ಎದ್ದು ನವಿರು ನವಿರಾಗಿ, ಮುಟ್ಟಿದರೆ ಪುಡಿ ಉದುರುತ್ತೆ. ಹಗ್ಗ ತಾನು ಸಾಯೋ ಮುಂಚೆ ಹೇಳಿ ಸಾಯುತ್ತೆ. ವೈರು ಹೇಳೋದಿಲ್ಲ. ನಾನು ಹಗ್ಗದ ಪಕ್ಷ ಅಂದಿದ್ದು ಇದಕ್ಕೇ. ಅಂಚಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಹೊರಗಿನ ಭಾಗಕ್ಕೆ ಗೋಣಿಚೀಲ ಮುಚ್ಚಿದರೆ ಅರ್ಧ ಕೆಲಸ ಆಯ್ತು. ಹಗ್ಗವನ್ನು ಪೈಪಿಗೆ ಅಲ್ಲಲ್ಲಿ ಕಟ್ಟುತ್ತಾ ಇಳಿಸಬೇಕು. ಸಡಿಲ ಬಿಟ್ಟರೆ ಕೇಬಲ್ಲಿಗೆ ಸುತ್ತಿಕೊಂಡು ಪಂಪನ್ನೇ ಒಳಗೆ ಕಚ್ಚಿಸಿಬಿಡುತ್ತೆ.

ಹಾಗಾದರೆ ವೈರು ಬೇಡವೇ ಬೇಡವಾ? ಬೇಕು. ಮೋಟಾರ್ ಎತ್ತುವ ಗಾಡಿಯ ವಿಂಚಿಗೆ ವೈರೇ ಸರಿ. ಅಲ್ಲಿ ದೊಡ್ಡ ರಾಟೆ ಇರುತ್ತೆ, ವೈರು ದಿನಾ ಕಣ್ಣಿಗೆ ಬೀಳುತ್ತೆ, ಗ್ರೀಸು ಹಚ್ಚಬಹುದು. ಅದೇ ವೈರನ್ನು ಅಂಗೈಯಗಲದ ರಾಟೆ ಮೇಲೆ ಎಳೆದರೆ ಎಳೆ ಮುರಿದು ಮುಳ್ಳು ಮುಳ್ಳಾಗುತ್ತೆ. ವೈರು ಓಡಿ ಓಡಿ ಗೀರಿದ ರಾಟೆಗೆ ಹಗ್ಗ ಹಾಕಿದರೆ ಹಗ್ಗ ತಿಂದುಹೋಗುತ್ತೆ. ಒಂದೊಂದಕ್ಕೆ ಅದರದೇ ರಾಟೆ ಇರಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಬೋರಿಗೆ ಕಟ್ಟಿದ ಹಗ್ಗ ಮೋಟಾರನ್ನು ಕಾಯೋದಕ್ಕೆ ಇರೋದು, ಎತ್ತೋದಕ್ಕಲ್ಲ. ನಮ್ಮ ಕಡೆ ಮೋಟಾರ್ ಕಚ್ಚಿಕೊಂಡರೆ ಅದೇ ಹಗ್ಗಕ್ಕೆ ಟ್ರಾಕ್ಟರ್ ಕಟ್ಟಿ ಎಳೀತಾರೆ. ಮೇಲಿನ ರಾಟೆಯಿಂದ ಹಗ್ಗ ಎರಡೂ ಕಡೆ ನೇರ ಕೆಳಗಿಳಿದರೆ ರಾಟೆಯ ಮೇಲೆ ಬೀಳೋದು ಎಳೆತದ ಇಮ್ಮಡಿ ಭಾರ. ಟ್ರಾಕ್ಟರಿಗೆ ಕೈಯಿಲ್ಲ, ಬಿಗಿ ಎಷ್ಟಾಯ್ತು ಅಂತ ಅದಕ್ಕೆ ಗೊತ್ತಾಗಲ್ಲ. ಹಗ್ಗವಾಗಲಿ ವೈರಾಗಲಿ, ಆ ಬಿಗಿಯಲ್ಲಿ ಕಿತ್ತರೆ ಚಾಟಿಯ ಹಾಗೆ ಬೀಸುತ್ತೆ. ಆಗ ಅದರ ನೇರದಲ್ಲಿ ನಿಂತಿರೋರು ಯಾರು? ಕೂಲಿಗೆ ಬಂದ ಹುಡುಗರು, ಬರಿಗಾಲು, ಬರಿಗೈ. ಐವತ್ತು ಸಾವಿರದ ಮೋಟಾರ್ ಉಳಿಸೋಕೆ ಹೋಗಿ ಒಬ್ಬ ಹುಡುಗನ ಕಣ್ಣು ಕಳೆದರೆ ಯಾವ ಲೆಕ್ಕದಲ್ಲಿ ಅದು ಲಾಭ? ಎತ್ತೋಕೆ ಗಾಡಿ ಕರೆಸಿ, ಎಳೆಯುವಾಗ ಹಗ್ಗದ ನೇರದಿಂದ ಎಲ್ಲರನ್ನೂ ಪಕ್ಕಕ್ಕೆ ಕಳಿಸಿ. ಬರಲಿಲ್ಲ ಅಂದರೆ ಎಳೆಯೋದು ನಿಲ್ಲಿಸಿ.

ವೈರಿನ ಪಕ್ಷದವರು ಬೈಯೋಕೆ ರೆಡಿಯಾಗಿದ್ದೀರಿ ಅಂತ ಗೊತ್ತು. ಬೈಯಿರಿ, ಆದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಮೋಟಾರ್ ಮೇಲೆತ್ತಿದಾಗ ಆ ಒದ್ದೆ-ಒಣ ಜಾಗದ ಮಾರುದ್ದ ವೈರನ್ನು ಬಗ್ಗಿಸಿ, ಎಳೆ ಬಿಡಿಸಿ ಒಳಗೆ ನೋಡಿ. ಆಮೇಲೆ ಜಗಳ ಮುಂದುವರಿಸೋಣ. ನಿಮ್ಮೂರಲ್ಲಿ ಏನು ಕಟ್ತಾರೆ?